ಬಣವೆಯ ಲೆಕ್ಕ

ಅಷ್ಟೂರ ನಮ್ಮ ಊರು. ಬೀದರ ಪಟ್ಟಣದಿಂದ ಮೂರು-ನಾಲ್ಕು ಕಿಲೋಮೀಟರ್ ದೂರ. ದೊಡ್ಡ ದೊಡ್ಡ ಗುಮ್ಮಟಗಳ ಊರು. ಬಹಮನಿ ಅರಸರ ಸಮಾಧಿಗಳು ಇಲ್ಲಿವೆ.

ಅವುಗಳಲ್ಲಿ ಒಂದು ಅಹಮದ್ ಶಾಹ ವಲಿಯ ಗುಮ್ಮಟ. ಆತ 1422ರಿಂದ 1436ರವರೆಗೆ ಆಳಿದ ಅರಸ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಆತನೇ. ಪ್ರತಿ ವರ್ಷ ಹೋಳಿ ಆದ ಮೇಲೆ ಇಲ್ಲಿ ಜಾತ್ರೆ ನಡೆಯುತ್ತದೆ. ಮುಸಲ್ಮಾನರು ಉರುಸು ಎನ್ನುತ್ತಾರೆ. ಹಿಂದೂಗಳು ಅಲ್ಲಮಪ್ರಭುವಿನ ಜಾತ್ರೆ ಎನ್ನುತ್ತಾರೆ. ಎರಡೂ ಒಂದೇ. ಎಲ್ಲರೂ ಕೂಡಿ ಮಾಡುತ್ತಾರೆ.

ಈ ಅರಸನಿಗೆ 'ವಲಿ' ಎಂಬ ಹೆಸರು ಹೇಗೆ ಬಂತು? ಹಿರಿಯರು ಒಂದು ಕಥೆ ಹೇಳುತ್ತಾರೆ. ಆತನ ಕಾಲದಲ್ಲಿ ಬರ ಬಿತ್ತು. ಮಳೆ ಇಲ್ಲ, ಬೆಳೆ ಇಲ್ಲ. ಅರಸ ಗುಡ್ಡ ಏರಿ ಪ್ರಾರ್ಥನೆ ಮಾಡಿದ. ಮಳೆ ಬಂತು. ಜನ ಅವನನ್ನು 'ವಲಿ' ಎಂದು ಕರೆದರು. ವಲಿ ಎಂದರೆ ಸಂತ.

ಅಂದಿಗೂ ಬರ ಇತ್ತು. ಇಂದಿಗೂ ಬರ ಬರುತ್ತದೆ. 1972ರ ಬರ ನಮ್ಮ ಮುತ್ಯಾಗಳಿಗೆ ಇನ್ನೂ ನೆನಪಿದೆ. 2016ರಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ಅದನ್ನು ನಾವೆಲ್ಲ ಕಂಡಿದ್ದೇವೆ. ಮನುಷ್ಯರಿಗೆ ರೈಲಿನಲ್ಲಿ ನೀರು ಬಂತು. ದನಗಳಿಗೆ ಮೇವು ಎಲ್ಲಿಂದ ಬರಬೇಕು?

ಈ ಪಾಠ ಮೇವಿನ ಪಾಠ. ಲೆಕ್ಕದ ಪಾಠವೂ ಹೌದು.

ಅಕ್ಕನ ಎಮ್ಮೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮನೆಯಲ್ಲಿ ಎರಡು ಎತ್ತು, ಒಂದು ಆಕಳು, ಒಂದು ಎಮ್ಮೆ, ಎರಡು ಕರು. ಹೊಲ ಎರಡು ಎಕರೆ. ಎಮ್ಮೆಯ ಹಾಲು ಮಾರಿ ಮನೆ ಖರ್ಚು ನಡೆಯುತ್ತಿತ್ತು.

ಆ ವರ್ಷ ಎರಡೂ ಎಕರೆಗೆ ಸೋಯಾ ಹಾಕಿದ್ದರು. ಸೋಯಾ ರೊಕ್ಕ ಕೊಡುತ್ತದೆ. ಕಣಕಿ ಕೊಡುವುದಿಲ್ಲ. ಇದ್ದ ಹೊಟ್ಟು ಚಳಿಗಾಲಕ್ಕೆ ತೀರಿತು. ಬೇಸಿಗೆಗೆ ಮೇವು ಕೊಳ್ಳಬೇಕಾಯಿತು.

ಜಾತ್ರೆ ಮುಗಿದ ಮೇಲೆ ಒಬ್ಬ ವ್ಯಾಪಾರಿಯ ಹತ್ತಿರ 700 ಸೂಡು ಕಣಕಿ ಮಾತಾಡಿದರು. ನೋಡಲು ತೋರಿಸಿದ ಸೂಡು ದಪ್ಪ ಇತ್ತು. ಸುಮಾರು 4 ಕಿಲೋ ತೂಗುವಂಥದು. ರೊಕ್ಕ ಪೂರಾ ಮೊದಲೇ ಕೊಟ್ಟರು. ವ್ಯಾಪಾರಿ ಒಂದು ಚೀಟಿ ಬರೆದ. ಅಕ್ಕ ಅದಕ್ಕೆ ಸಹಿ ಮಾಡಿದರು. ಹೆಬ್ಬೆಟ್ಟು ಅಲ್ಲ, ಸಹಿ! ಕೇಂದ್ರದಲ್ಲಿ ಕಲಿತ ಸಹಿ. ಮರುದಿನ ನಮಗೆಲ್ಲ ಹೇಳಿ ಸಂತೋಷಪಟ್ಟರು. ನಾವೂ ಚಪ್ಪಾಳೆ ತಟ್ಟಿದೆವು.

ಟ್ರ್ಯಾಕ್ಟರ್ ಬಂತು. ಸೂಡು ಎಣಿಸಿದರು. 700 ಸರಿಯಾಗಿ ಇದ್ದವು. ಬಣವೆ ಒಟ್ಟಿದರು. ಏಪ್ರಿಲ್ 1ರಿಂದ ಹಾಕತೊಡಗಿದರು. ಜೂನ್ ಕೊನೆಯವರೆಗೆ ಸಾಕಾಗುತ್ತದೆ ಎಂಬ ಧೈರ್ಯ ಇತ್ತು.

ಜೂನ್ 9ಕ್ಕೆ ಬಣವೆಯ ಜಾಗದಲ್ಲಿ ಬರಿ ನೆಲ ಉಳಿಯಿತು.

ಆ ವರ್ಷ ಮಳೆಯೂ ತಡವಾಯಿತು. ಮಳೆ ಬಂದ ಕೂಡಲೇ ಹುಲ್ಲು ಬರುವುದಿಲ್ಲ. ಬಾಯಿಗೆ ಸಿಗುವಷ್ಟು ಬೆಳೆಯಲು ಮೂರು-ನಾಲ್ಕು ವಾರ ಬೇಕು. ಊರಲ್ಲಿ ಕಣಕಿ ಕೇಳಿದರೆ ದರ ಎರಡು ಪಟ್ಟು ಆಗಿತ್ತು. ಕೈಯಲ್ಲಿ ರೊಕ್ಕ ಇಲ್ಲ. ಬಿತ್ತನೆ ಎದುರಿಗೆ ಇದೆ, ಎತ್ತು ಮಾರುವಂತಿಲ್ಲ. ಕೊನೆಗೆ ಹಾಲು ಕೊಡುವ ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋದರು. ಆಗ ಎಲ್ಲರೂ ದನ ಮಾರುವವರೇ, ಕೊಳ್ಳುವವರು ಇಲ್ಲ. ಅರ್ಧ ಬೆಲೆಗೆ ಹೋಯಿತು.

ಅಕ್ಕ ಚೀಟಿ ತಂದು ನಮ್ಮ ಮುಂದೆ ಇಟ್ಟರು.

"ಓದ್ರಿ ಮಾಸ್ತರ್. ಇದರಾಗ ಏನ್ ಬರದಾನ?"

ಓದಿದೆವು. '700 ಸೂಡು ಕಣಕಿ ಮುಟ್ಟಿದೆ' ಎಂದು ಇತ್ತು. ಅಷ್ಟೇ. ಒಂದು ಸೂಡಿನ ತೂಕ ಎಷ್ಟು ಎಂದು ಬರೆದಿರಲಿಲ್ಲ.

ಉಳಿದ ನಾಲ್ಕು ಸೂಡು ಕೊಟ್ಟಿಗೆಯ ಮೂಲೆಯಲ್ಲಿದ್ದವು. ತೂಗಿ ನೋಡಿದೆವು. ನಾಲ್ಕಕ್ಕೂ ಸೇರಿ 12 ಕಿಲೋ. ಅಂದರೆ ಒಂದಕ್ಕೆ 3 ಕಿಲೋ. ತೋರಿಸಿದ್ದು 4 ಕಿಲೋದ ಸೂಡು, ಕೊಟ್ಟದ್ದು 3 ಕಿಲೋದ ಸೂಡು. ಎಣಿಕೆ ಸರಿ ಇತ್ತು. ತೂಕ ಸರಿ ಇರಲಿಲ್ಲ.

ಅಕ್ಕ ಮೆಲ್ಲಗೆ ಹೇಳಿದರು: "ನೀವು ಸಹಿ ಕಲಿಸಿದ್ರಿ. ಓದಿ ಸಹಿ ಮಾಡೋದು ಕಲಿಸಿಲ್ರಿ."

ಆ ಮಾತು ನಮಗೆ ತಾಗಿತು. ಅವರು ಹೇಳಿದ್ದು ನಿಜ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಓದು, ಬರಹ, ತೂಕ, ಲೆಕ್ಕ ಎಲ್ಲವನ್ನೂ ಕೂಡಿಸಿಯೇ ಕಲಿಯುತ್ತೇವೆ. ಮೊದಲು ಬಣವೆಯ ಲೆಕ್ಕ ಕಲಿತೆವು.

ಕಣಕಿ ಯಾಕೆ ಕಡಿಮೆ ಆಯಿತು?

ಹಿಂದೆ ಮೇವು ಕೊಳ್ಳುವ ಪದ್ಧತಿ ಇಷ್ಟು ಇರಲಿಲ್ಲ. ಕೇಂದ್ರಕ್ಕೆ ಬರುವ ಒಬ್ಬ ಮುತ್ಯಾ ಹೇಳಿದರು: "ನಮ್ಮ ಕಾಲದಾಗ ಕಣಕಿ ಮಾರೋದು ಅಂದ್ರ ನಾಚಿಕಿ. ಇಲ್ಲದವರಿಗಿ ಹಂಗೇ ಕೊಡ್ತಿದ್ರು."

ಈಗ ಯಾಕೆ ಹೀಗಾಯಿತು? ಕೂಡಿ ಕುಳಿತು ಕಾರಣ ಬರೆದೆವು.

ಒಂದು: ಜೋಳದ ಹೊಲ ಕಡಿಮೆ ಆಗಿದೆ. ಆ ಜಾಗಕ್ಕೆ ಸೋಯಾ ಬಂದಿದೆ. ಸೋಯಾ ಮಾಗುವಾಗ ಎಲೆ ಉದುರಿ ಹೋಗುತ್ತದೆ. ಉಳಿಯುವುದು ಗಟ್ಟಿ ಕಡ್ಡಿ. ದನ ಅದನ್ನು ಮನಸ್ಸಿಟ್ಟು ತಿನ್ನುವುದಿಲ್ಲ.

ಎರಡು: 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಬಂತು. ಆಮೇಲೆ ಅಂಥ ತಳಿಗಳು ಬಹಳ ಬಂದವು. ಕಾಳು ಹೆಚ್ಚು, ಗಿಡ ಗಿಡ್ಡ. ಗಿಡ ಗಿಡ್ಡ ಆದರೆ ಕಣಕಿ ಕಡಿಮೆ. ಹಿಂಗಾರಿಯ ಮಾಲದಂಡಿ ಜೋಳ ಎತ್ತರ ಬೆಳೆಯುತ್ತದೆ. ಅದರ ಕಣಕಿ ದನಗಳಿಗೆ ಬಲು ರುಚಿ.

ಮೂರು: ಯಂತ್ರದಿಂದ ಕೊಯ್ದರೆ ಹೊಟ್ಟು ಹೊಲದಲ್ಲೇ ಚೆಲ್ಲಿ ಹೋಗುತ್ತದೆ. ಅದನ್ನು ಕೂಡಿಸದೆ ಬೆಂಕಿ ಹಚ್ಚುವವರೂ ಇದ್ದಾರೆ. ಅದು ಮೇವಿಗೆ ಹಚ್ಚಿದ ಬೆಂಕಿ.

ನಾಲ್ಕು: ಗೋಮಾಳ, ಹುಲ್ಲುಗಾವಲು ಕಡಿಮೆ ಆಗಿವೆ.

ನಮ್ಮ ಭಾಗದ ದೇವಣಿ ದನ ಹೆಸರುವಾಸಿ. ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಅದಕ್ಕೆ ಆ ಹೆಸರು. ನಮ್ಮ ಬೀದರ ಜಿಲ್ಲೆಯೂ ಅದರ ತವರೇ. ಬಿಳಿ ಮೈ, ಕೆಲವಕ್ಕೆ ಕಪ್ಪು ಮಚ್ಚೆ. ಹೊಲ ಉಳಲೂ ಬರುತ್ತದೆ, ಹಾಲಿಗೂ ಬರುತ್ತದೆ. ಆದರೆ ಎಂಥ ಒಳ್ಳೆಯ ತಳಿ ಆದರೂ ಹೊಟ್ಟೆಗೆ ಬೇಕಲ್ಲ?

ನಮ್ಮ ದನಕ್ಕೆ ಎಷ್ಟು ಮೇವು ಬೇಕು?

ದನದ ತೂಕ 100 ಕಿಲೋ ಇದ್ದರೆ ದಿನಕ್ಕೆ ಸುಮಾರು 2.5 ಕಿಲೋ ಒಣ ಆಹಾರ ಬೇಕು. 300 ಕಿಲೋ ತೂಗುವ ಆಕಳಿಗೆ 7.5 ಕಿಲೋ. ಇದರಲ್ಲಿ ಹಿಂಡಿ, ಹೊಟ್ಟು, ಹಸಿ ಮೇವು ಸ್ವಲ್ಪ ಸ್ವಲ್ಪ ಸೇರುತ್ತವೆ. ಹೀಗಾಗಿ ಒಂದು ದೊಡ್ಡ ದನಕ್ಕೆ ದಿನಕ್ಕೆ 6 ಕಿಲೋ ಒಣ ಮೇವು ಎಂದು ಲೆಕ್ಕ ಹಿಡಿಯೋಣ. ಎರಡು ಕರುಗಳನ್ನು ಒಂದು ದೊಡ್ಡ ದನ ಎಂದು ಎಣಿಸೋಣ.

ಅಕ್ಕನ ಮನೆಯ ಲೆಕ್ಕ, ಎಮ್ಮೆ ಇದ್ದಾಗ:

ಎತ್ತು 2, ಆಕಳು 1, ಎಮ್ಮೆ 1, ಕರು 2 (ಸೇರಿ 1). ಒಟ್ಟು 5.
ಒಂದು ದಿನಕ್ಕೆ: 5 × 6 = 30 ಕಿಲೋ.

ಬೇಸಿಗೆ (ಏಪ್ರಿಲ್‌ನಿಂದ ಜೂನ್), 90 ದಿನ: 90 × 30 = 2700 ಕಿಲೋ.

ಈಗ ನೋಡಿ. 700 ಸೂಡು, ಒಂದಕ್ಕೆ 4 ಕಿಲೋ ಆದರೆ 2800 ಕಿಲೋ. ಸಾಕಾಗುತ್ತಿತ್ತು. ಒಂದಕ್ಕೆ 3 ಕಿಲೋ ಆದರೆ 2100 ಕಿಲೋ. ಅದನ್ನು 30ರಿಂದ ಭಾಗಿಸಿದರೆ 70. ಅಂದರೆ 70 ದಿನದ ಮೇವು. ಏಪ್ರಿಲ್‌ನ 30 ದಿನ, ಮೇ ತಿಂಗಳ 31 ದಿನ, ಜೂನ್‌ನ 9 ದಿನ. ಕೂಡಿಸಿ. 70 ಆಯಿತಲ್ಲ? ಜೂನ್ 9ಕ್ಕೆ ಬಣವೆ ಯಾಕೆ ತೀರಿತು ಎಂಬುದು ಈ ಲೆಕ್ಕದಲ್ಲೇ ಇದೆ.

ಈ ಲೆಕ್ಕ ಹಲಗೆಯ ಮೇಲೆ ಬರೆದಾಗ ಅಕ್ಕ ತಾವೇ ಎದ್ದು ಬಂದು 9ರ ಮೇಲೆ ಬೆರಳಿಟ್ಟರು.

ಇನ್ನು ಇಡೀ ವರ್ಷದ ಲೆಕ್ಕ:

ಬೇಸಿಗೆ, 90 ದಿನ: 2700 ಕಿಲೋ.
ಮಳೆಗಾಲ (ಜುಲೈಯಿಂದ ಅಕ್ಟೋಬರ್), 120 ದಿನ: ಹಸಿ ಹುಲ್ಲು ಸಿಗುತ್ತದೆ. ಆದರೂ ಒಣ ಮೇವು ಸ್ವಲ್ಪ ಬೇಕು. ಬರಿ ಹಸಿ ಎಳೆ ಹುಲ್ಲು ತಿಂದರೆ ಸಗಣಿ ತೆಳ್ಳಗೆ ಆಗುತ್ತದೆ. ದಿನಕ್ಕೆ 10 ಕಿಲೋದಂತೆ 1200 ಕಿಲೋ.
ಚಳಿಗಾಲ (ನವೆಂಬರ್‌ನಿಂದ ಮಾರ್ಚ್), 150 ದಿನ: 150 × 30 = 4500 ಕಿಲೋ.
ಕೂಡಿಸಿದರೆ 8400 ಕಿಲೋ.
ತುಳಿದು, ತೊಯ್ದು ಹಾಳಾಗುವುದಕ್ಕೆ 600 ಕಿಲೋ.
ಒಟ್ಟು 9000 ಕಿಲೋ. ಅಂದರೆ 9 ಟನ್.

"ಯಪ್ಪಾ! ಇಷ್ಟು ತಿಂತಾವೇನ್ರಿ?" ಎಂದು ಎಲ್ಲರೂ ಬೆರಗಾದರು. ತಿನ್ನುತ್ತವೆ. ನಾವು ಎಣಿಸಿರಲಿಲ್ಲ, ಅಷ್ಟೇ.

ಮೇವು ಎಲ್ಲಿಂದ ತರೋಣ?

ಒಂದೇ ಕಡೆ ನಂಬಬಾರದು. ಮೂರು ಕಡೆಯಿಂದ ಕೂಡಿಸಬೇಕು.

ಮೊದಲನೆಯದು ನಮ್ಮ ಹೊಲ. ದನ ಇದ್ದವರು ಎಲ್ಲ ಹೊಲಕ್ಕೂ ಸೋಯಾ ಹಾಕಬಾರದು. ಸ್ವಲ್ಪ ಹೊಲ ಜೋಳಕ್ಕೆ ಬಿಡಬೇಕು. ಹಿಂಗಾರಿ ಜೋಳದ ಒಂದು ಎಕರೆಗೆ 1500 ಕಿಲೋ ಕಣಕಿ ಎಂದು ಹಿಡಿಯೋಣ. ಒಳ್ಳೆಯ ವರ್ಷ ಇನ್ನೂ ಹೆಚ್ಚು ಬರಬಹುದು. ಮಳೆ ಕೈಕೊಟ್ಟರೆ ಅರ್ಧಕ್ಕೆ ಇಳಿಯಬಹುದು.

ತೊಗರಿ ಹೊಟ್ಟು, ಕಡಲೆ ಹೊಟ್ಟು ಚೆಲ್ಲಬೇಡಿ. ಅವು ಒಳ್ಳೆಯ ಮೇವು. ಸೋಯಾ ಹೊಟ್ಟನ್ನೂ ಕಣಕಿಯ ಜೊತೆ ಬೆರೆಸಿ ಹಾಕಬಹುದು. ಕಬ್ಬು ಕಡಿಯುವ ಕಾಲದಲ್ಲಿ ಕಬ್ಬಿನ ಮೇಲಿನ ಹಸಿ ತುದಿ ಸಿಗುತ್ತದೆ. ಅದನ್ನೂ ತನ್ನಿ. ಆದರೆ ಅದನ್ನೇ ಹೊಟ್ಟೆ ತುಂಬ ಹಾಕಬೇಡಿ. ಒಣ ಮೇವಿನ ಜೊತೆ ಬೆರೆಸಿ.

ಎರಡನೆಯದು ಹುಲ್ಲು. ಬದುವಿನ ಮೇಲೆ, ಹಳ್ಳದ ದಂಡೆಯ ಮೇಲೆ ಮಳೆಗಾಲದಲ್ಲಿ ಹುಲ್ಲು ಬೆಳೆಯುತ್ತದೆ. ಪೂರಾ ಬಲಿತು ಒಣಗಿದ ಮೇಲೆ ಕೊಯ್ದರೆ ಅದರಲ್ಲಿ ಸತ್ವ ಇರುವುದಿಲ್ಲ. ಹೂ ಬರುವ ಹೊತ್ತಿಗೆ ಕೊಯ್ಯಬೇಕು. ಬಿಸಿಲು ನೋಡಿ ಕೊಯ್ಯಬೇಕು. ತೆಳ್ಳಗೆ ಹರವಿ ಎರಡು-ಮೂರು ದಿನ ಒಣಗಿಸಬೇಕು. ದಿನಕ್ಕೆ ಎರಡು ಸಲ ತಿರುವಿ ಹಾಕಬೇಕು. ಹುಲ್ಲಿನ ಬಣ್ಣ ಹಸಿರಾಗಿಯೇ ಉಳಿದು, ಕಡ್ಡಿ ಮುರಿದರೆ 'ಪಟ್' ಎನ್ನಬೇಕು. ಆಗ ಒಟ್ಟಬೇಕು. ಹಸಿ ಇದ್ದಾಗ ಒಟ್ಟಿದರೆ ಒಳಗೆ ಬಿಸಿಯಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಕೆಲವು ಸಲ ಬಣವೆಗೆ ತಾನಾಗಿಯೇ ಬೆಂಕಿ ಹತ್ತುವುದೂ ಉಂಟು.

ಮೂರನೆಯದು ಕೊಳ್ಳುವುದು. ಮನೆಯಲ್ಲಿ ಆಗುವಷ್ಟು ಆದ ಮೇಲೆ ಉಳಿದದ್ದನ್ನು ಕೊಳ್ಳಬೇಕು.

ಮರುವರ್ಷಕ್ಕೆ ಅಕ್ಕ ತಮ್ಮ ಲೆಕ್ಕ ಹೀಗೆ ಬರೆದರು. ಎಮ್ಮೆ ಮತ್ತೆ ಕಟ್ಟಬೇಕು ಎಂಬ ಆಸೆಯಿಂದ ಐದು ದನಕ್ಕೇ ಲೆಕ್ಕ ಹಾಕಿದರು.

ಬೇಕಾದ್ದು: 9000 ಕಿಲೋ.
ಒಂದು ಎಕರೆ ಜೋಳದ ಕಣಕಿ: 1500 ಕಿಲೋ.
ಸೋಯಾ, ತೊಗರಿ, ಕಡಲೆ ಹೊಟ್ಟು: 2000 ಕಿಲೋ.
ಬದುವಿನ ಒಣಹುಲ್ಲು: 500 ಕಿಲೋ.
ಮನೆಯದು ಒಟ್ಟು: 4000 ಕಿಲೋ.
ಕೊಳ್ಳಬೇಕಾದ್ದು: 5000 ಕಿಲೋ. 4 ಕಿಲೋದ ಸೂಡು ಆದರೆ 1250 ಸೂಡು.

ಕೊಳ್ಳುವುದು ಯಾವಾಗ? ಹೇಗೆ?

ಎಳ್ಳಮಾವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋಗುತ್ತೇವೆ. ಭಜ್ಜಿ, ಅಂಬಲಿ ಉಣ್ಣುತ್ತೇವೆ. ಆಗ ಜೋಳ ಹೊಲದಲ್ಲಿ ನಿಂತಿರುತ್ತದೆ. ಉಂಡ ಮೇಲೆ ಸುತ್ತಲಿನ ಹೊಲ ನೋಡಿ. ಯಾರ ಜೋಳ ಎತ್ತರ ಇದೆ? ಯಾರ ಮನೆಯಲ್ಲಿ ದನ ಕಡಿಮೆ? ಅವರ ಹತ್ತಿರ ಅಂದೇ ಮಾತಾಡಿ ಇಡಿ. ಬೆಳೆದ ರೈತನಿಂದಲೇ ಕೊಂಡರೆ ನಡುವಿನವರ ಲಾಭ ಉಳಿಯುತ್ತದೆ.

ರಾಶಿ ಮುಗಿದಾಗ ಕಣಕಿ ಅಗ್ಗ. ಜಾತ್ರೆಯ ಹೊತ್ತಿಗೆ ಬಣವೆ ಮನೆಗೆ ಬಂದಿರಬೇಕು. ಮೇ ತಿಂಗಳ ತನಕ ಕಾದರೆ ದರ ಏರುತ್ತದೆ.

ಒಬ್ಬರೇ ಕೊಳ್ಳುವ ಬದಲು ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು. ಟ್ರ್ಯಾಕ್ಟರ್ ಬಾಡಿಗೆ ಹಂಚಿ ಹೋಗುತ್ತದೆ. ಸ್ವಸಹಾಯ ಸಂಘದಲ್ಲಿ ಇದ್ದವರು ಸಂಘದಿಂದ ಸಾಲ ಕೇಳಬಹುದು. ಸುಗ್ಗಿಯಲ್ಲಿ ಸಾಲ ಮಾಡಿ ಮೇವು ಕೊಳ್ಳುವುದು ಒಳ್ಳೆಯದು. ಜೂನ್‌ನಲ್ಲಿ ಎಮ್ಮೆ ಮಾರುವುದು ಒಳ್ಳೆಯದಲ್ಲ.

ಕೊಳ್ಳುವಾಗ ಈ ಮಾತು ನೆನಪಿಡಿ. ಸೂಡಿನ ಲೆಕ್ಕದಲ್ಲಿ ಕೊಂಡರೆ ತೂಕ ನೋಡಿ. ತೂಕದ ಲೆಕ್ಕದಲ್ಲಿ ಕೊಂಡರೆ ಒಣಗಿದೆಯೋ ಇಲ್ಲವೋ ನೋಡಿ. ಹಸಿ ಕಣಕಿಗೆ ನೀರಿನ ತೂಕ ಇರುತ್ತದೆ. ನೀರಿಗೆ ರೊಕ್ಕ ಕೊಟ್ಟ ಹಾಗೆ ಆಗುತ್ತದೆ.

ಎಲ್ಲ ಸೂಡು ತೂಗಬೇಕಾಗಿಲ್ಲ. ಗಾಡಿಯ ಮೇಲಿನಿಂದ, ನಡುವಿನಿಂದ, ಕೆಳಗಿನಿಂದ ಕೂಡಿಸಿ 10 ಸೂಡು ತೆಗೆಯಿರಿ. ಕಾಟಾದ ಮೇಲೆ ಇಡಿ. 40 ಕಿಲೋ ಬಂದರೆ ಒಂದಕ್ಕೆ 4 ಕಿಲೋ. ಬರಿ ಮೇಲಿನ ಸೂಡು ತೂಗಬೇಡಿ. ದಪ್ಪ ಸೂಡು ಮೇಲೆ ಇಟ್ಟಿರುತ್ತಾರೆ.

ಚೀಟಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದು ಅವರಿಗೆ, ಒಂದು ನಿಮಗೆ. ಚೀಟಿ ಹೀಗಿರಲಿ:

ಕಣಕಿ ಖರೀದಿ ಚೀಟಿ
ತಾರೀಖು: ............
ಕೊಡುವವರ ಹೆಸರು, ಊರು: ............
ಕೊಳ್ಳುವವರ ಹೆಸರು, ಊರು: ............
ಮೇವು: ಹಿಂಗಾರಿ ಜೋಳದ ಒಣ ಕಣಕಿ
ಸೂಡು ಎಷ್ಟು: ............
ಒಂದು ಸೂಡಿನ ತೂಕ: ............ ಕಿಲೋ (10 ಸೂಡು ತೂಗಿ ನೋಡಿದ್ದು)
ಒಂದು ಸೂಡಿನ ದರ: ............ ರೂಪಾಯಿ
ಮುಂಗಡ ಕೊಟ್ಟದ್ದು: ............ ರೂಪಾಯಿ
ಮೇವು ಮುಟ್ಟಿಸುವ ತಾರೀಖು: ............
ಗಾಡಿ ಬಾಡಿಗೆ ಯಾರದು: ............
ಬಾಕಿ ರೊಕ್ಕ: ಮೇವು ಮುಟ್ಟಿ, ತೂಗಿ ನೋಡಿದ ಮೇಲೆ
ಇಬ್ಬರ ಸಹಿ: ............
ಸಾಕ್ಷಿ: ............

ಪೂರಾ ರೊಕ್ಕ ಮೊದಲೇ ಕೊಡಬೇಡಿ. ಖಾಲಿ ಜಾಗ ಇರುವ ಚೀಟಿಗೆ ಸಹಿ ಮಾಡಬೇಡಿ. ಓದಿ, ಆಮೇಲೆ ಸಹಿ ಮಾಡಿ. ಓದಲು ತಡವಾದರೆ ಆಗಲಿ. ಅವಸರ ಮಾಡುವವರಿಗೆ "ಸ್ವಲ್ಪ ತಡೀರಿ, ಓದ್ತೀನಿ" ಎನ್ನಿ. ನಾಚಿಕೆ ಬೇಡ.

ಬಣವೆ ಒಟ್ಟುವುದು

ತಂದ ಮೇವು ಹಾಳಾದರೆ ತಂದು ಏನು ಉಪಯೋಗ?

ಜಾಗ ಎತ್ತರ ಇರಬೇಕು. ಸುತ್ತ ನೀರು ಹರಿದು ಹೋಗಲು ಕಾಲುವೆ ತೆಗೆಯಿರಿ. ನೆಲದ ಮೇಲೆ ನೇರ ಒಟ್ಟಬೇಡಿ. ಕಲ್ಲು ಹಾಸಿ, ಮೇಲೆ ಕಟ್ಟಿಗೆ ಹಾಕಿ ಒಟ್ಟಿ. ಗೆದ್ದಲು ಬರುವುದು ಕಡಿಮೆ. ಬಣವೆಯ ತಲೆ ಇಳಿಜಾರು ಇರಲಿ. ಮಳೆ ಬರುವ ಮುಂಚೆ ತಾಡಪತ್ರಿ ಹೊದಿಸಿ, ಹಗ್ಗ ಕಟ್ಟಿ, ಕಲ್ಲು ತೂಗಬಿಡಿ.

ಕರೆಂಟಿನ ತಂತಿಯ ಕೆಳಗೆ ಬಣವೆ ಬೇಡ. ಮನೆಗೆ, ಒಲೆಗೆ, ಕೊಟ್ಟಿಗೆಗೆ ಅಂಟಿ ಬೇಡ. ಬೀಡಿ ಸೇದುವವರು ಬಣವೆಯ ಹತ್ತಿರ ಬರಬಾರದು. ಆಗುವುದಾದರೆ ಒಂದೇ ದೊಡ್ಡ ಬಣವೆಯ ಬದಲು ಎರಡು ಮಾಡಿ, ನಡುವೆ ಅಂತರ ಬಿಡಿ. ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯಲಿ. ಬೆಂಕಿ ಬಿದ್ದರೆ 112ಕ್ಕೆ ಫೋನ್ ಮಾಡಿ.

ಹಾಕುವ ರೀತಿ

ಉದ್ದ ಕಣಕಿ ಹಾಗೇ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ. ತುಳಿದು ಹಾಳು ಮಾಡುತ್ತದೆ. ಒಂದು ಅಂಗುಲದಷ್ಟು ಕತ್ತರಿಸಿ ಗೋದಲಿಯಲ್ಲಿ ಹಾಕಿ. ಕೈಯಿಂದ ತಿರುಗಿಸುವ ಯಂತ್ರ ನಾಲ್ಕು ಮನೆಗೆ ಒಂದು ಇದ್ದರೂ ಸಾಕು. ಕತ್ತರಿಸಿ ಹಾಕಿದರೆ ಅದೇ ಬಣವೆ ಹೆಚ್ಚು ದಿನ ಬರುತ್ತದೆ. ಯಂತ್ರದ ಹತ್ತಿರ ಮಕ್ಕಳನ್ನು ಬಿಡಬೇಡಿ. ಸೆರಗು ಕಟ್ಟಿಕೊಳ್ಳಿ.

ಒಣ ಕಣಕಿಯಲ್ಲಿ ಸತ್ವ ಕಡಿಮೆ. ಯೂರಿಯಾ ಉಪಚಾರದಿಂದ ಅದನ್ನು ಹೆಚ್ಚಿಸಬಹುದು. ಕತ್ತರಿಸಿದ ಕಣಕಿ 100 ಕಿಲೋ. ಯೂರಿಯಾ 4 ಕಿಲೋ. ನೀರು 50 ಲೀಟರ್. ಯೂರಿಯಾ ನೀರಿನಲ್ಲಿ ಪೂರಾ ಕರಗಿಸಿ. ಕಣಕಿಯನ್ನು ಪದರ ಪದರವಾಗಿ ಹಾಸಿ, ಆ ನೀರು ಸಮನಾಗಿ ಚಿಮುಕಿಸಿ. ತುಳಿದು ಗಟ್ಟಿ ಮಾಡಿ. ಗಾಳಿ ಹೋಗದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. 21 ದಿನ ಬಿಟ್ಟು ತೆಗೆಯಿರಿ. ಸ್ವಲ್ಪ ಹೊತ್ತು ಗಾಳಿಗೆ ಹರವಿ, ಘಾಟು ಹೋದ ಮೇಲೆ ಹಾಕಿ. ಮೊದಲು ಸ್ವಲ್ಪ ಸ್ವಲ್ಪ ಹಾಕಿ ರೂಢಿ ಮಾಡಿಸಿ.

ಎಚ್ಚರ! ಯೂರಿಯಾ ನೀರು ದನ ಕುಡಿದರೆ ಸಾಯುತ್ತದೆ. ಯೂರಿಯಾ ನೇರವಾಗಿ ತಿನ್ನಿಸಬೇಡಿ. ಅಳತೆ ಮೀರಬೇಡಿ. ಆರು ತಿಂಗಳ ಒಳಗಿನ ಕರುವಿಗೆ ಈ ಮೇವು ಬೇಡವೇ ಬೇಡ. ಮೊದಲ ಸಲ ಮಾಡುವಾಗ ಪಶು ವೈದ್ಯರನ್ನು ಕೇಳಿಯೇ ಮಾಡಿ. ನಮ್ಮ ಬೀದರದಲ್ಲೇ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಅವು ರೈತರಿಗಾಗಿಯೇ ಇವೆ. ಹೋಗಿ ಕೇಳಿ.

ಇನ್ನೊಂದು ಎಚ್ಚರ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಜೋಳ, ಎರಡರಲ್ಲೂ ವಿಷ ಇರುತ್ತದೆ. ಮೇವಿಲ್ಲದ ಕಾಲದಲ್ಲಿ ಹಸಿರು ಕಂಡು ದನ ಬಿಟ್ಟರೆ ಹೊಟ್ಟೆ ಉಬ್ಬಿ, ಉಸಿರು ಕಟ್ಟಿ ಬೀಳುತ್ತವೆ. ಹೂ ಬಿಡುವ ತನಕ ಹಸಿ ಜೋಳ ಮೇಯಿಸಬೇಡಿ. ದನ ತಿಂದು ನಡುಗಿದರೆ ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ. 1962 ನಂಬರಿಗೆ ಫೋನ್ ಮಾಡಿದರೆ ಪಶು ವೈದ್ಯರ ಗಾಡಿ ಬರುತ್ತದೆ.

ಬರ ಬಂದರೆ?

ಬರ ಬಿದ್ದ ವರ್ಷ ಸರಕಾರ ಮೇವು ಬ್ಯಾಂಕ್ ತೆರೆಯುತ್ತದೆ. ಕೆಲವು ಕಡೆ ಗೋಶಾಲೆ ತೆರೆಯುತ್ತದೆ. ನೀರು ಇರುವ ರೈತರಿಗೆ ಮೇವಿನ ಬೀಜ ಕೊಡುತ್ತದೆ. ಆದರೆ ಇದು ನಮ್ಮ ಮನೆ ಬಾಗಿಲಿಗೆ ತಾನಾಗಿ ಬರುವುದಿಲ್ಲ. ನಮ್ಮ ಊರಲ್ಲಿ ದನ ಎಷ್ಟು, ಮೇವು ಎಷ್ಟು ದಿನಕ್ಕೆ ಸಾಕು, ಇದನ್ನು ಬರೆದು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಅರ್ಜಿ ಕೊಡಬೇಕು. ಮೇವು ತೀರಿದ ಮೇಲೆ ಅಲ್ಲ, ತೀರುವ ಮುಂಚೆ. ಅರ್ಜಿಯ ಪ್ರತಿಗೆ ಮುಟ್ಟಿದ ಸಹಿ, ತಾರೀಖು ಹಾಕಿಸಿಕೊಳ್ಳಿ.

ಲೆಕ್ಕ ಗೊತ್ತಿದ್ದವರು ಮುಂಚೆಯೇ ಕೇಳಬಹುದು. ಲೆಕ್ಕ ಗೊತ್ತಿಲ್ಲದವರಿಗೆ ಬಣವೆ ತೀರಿದ ದಿನವೇ ಗೊತ್ತಾಗುತ್ತದೆ.

ಮರುವರ್ಷ

ಮರುವರ್ಷ ಅಕ್ಕ ಒಂದು ಎಕರೆಗೆ ಮಾಲದಂಡಿ ಜೋಳ ಹಾಕಿದರು. ಎಳ್ಳಮಾವಾಸ್ಯೆಯ ದಿನ ಪಕ್ಕದ ಊರಿನ ಒಬ್ಬ ರೈತರ ಹತ್ತಿರ ಮಾತಾಡಿದರು. ಮೂರು ಮನೆಯವರನ್ನು ಕೂಡಿಸಿಕೊಂಡರು. ಗಾಡಿ ಬಂದ ದಿನ ಕಾಟಾ ತರಿಸಿದರು. 10 ಸೂಡು ತೂಗಿದರು. 37 ಕಿಲೋ ಬಂತು.

"ಕಾಕಾ, ಚೀಟಿಯಾಗ 4 ಕಿಲೋ ಅದಾ. ಇದು 3 ಕಿಲೋ 700 ಗ್ರಾಂ ಆಯ್ತು. ಏನ್ ಮಾಡೋಣ್ರಿ?"

ರೈತ ಚೀಟಿ ನೋಡಿದರು. ಜಗಳ ಆಗಲಿಲ್ಲ. "ಹೌದವ್ವ, ಬರದದ್ದು ಬರದದ್ದೇ" ಎಂದರು. ಕಡಿಮೆ ಬಿದ್ದದ್ದನ್ನು ಲೆಕ್ಕ ಹಾಕಿ ಮತ್ತೊಂದು ಗಾಡಿಯಲ್ಲಿ ಕಳಿಸಿದರು.

ಕಾರಹುಣ್ಣಿಮೆ ಬಂತು. ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿದರು. ಆ ದಿನ ಅಕ್ಕನ ಹಿತ್ತಲಲ್ಲಿ ಬಣವೆ ಇನ್ನೂ ಎದೆ ಎತ್ತರ ಇತ್ತು.

ಮಾರಿದ ಎಮ್ಮೆ ಮರಳಿ ಬರಲಿಲ್ಲ. ಅದು ಯಾವ ಊರಿಗೆ ಹೋಯಿತೋ ಗೊತ್ತಿಲ್ಲ. ಅಕ್ಕ ಈಗ ಸಂಘದಲ್ಲಿ ರೊಕ್ಕ ಕೂಡಿಸುತ್ತಿದ್ದಾರೆ, ಬೇರೆ ಎಮ್ಮೆ ಕಟ್ಟಬೇಕೆಂದು. ಅವರ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಮೇವಿನ ಲೆಕ್ಕ ಇದೆ. ಎರಡನೆಯ ಹಾಳೆಯಲ್ಲಿ ಎಮ್ಮೆಯ ಲೆಕ್ಕ ಇದೆ. ಎರಡೂ ಅವರದೇ ಅಕ್ಷರ.

ನೆನಪಿಡೋಣ

ಎಳ್ಳಮಾವಾಸ್ಯೆಗೆ ಮೇವಿನ ಅಂದಾಜು ಹಾಕೋಣ.
ಅಷ್ಟೂರ ಜಾತ್ರೆಯ ಹೊತ್ತಿಗೆ ಬಣವೆ ಒಟ್ಟೋಣ.
ಕಾರಹುಣ್ಣಿಮೆಗೆ ಉಳಿದ ಮೇವು ಅಳೆಯೋಣ.
ತೂಗಿ ಕೊಳ್ಳೋಣ. ಓದಿ ಸಹಿ ಮಾಡೋಣ.

ಓದಿ, ಬರೆಯಿರಿ

ಕಣಕಿ ಸೂಡು ಬಣವೆ ಹೊಟ್ಟು ಗೋದಲಿ ಹಿಂಗಾರಿ ಮುಂಗಡ ಸಾಕ್ಷಿ

ಉತ್ತರ ಹೇಳಿರಿ

1. ಅಹಮದ್ ಶಾಹನನ್ನು ಜನ 'ವಲಿ' ಎಂದು ಯಾಕೆ ಕರೆದರು?
2. ಅಕ್ಕನ ಬಣವೆ ಜೂನ್ 9ಕ್ಕೇ ಯಾಕೆ ತೀರಿತು?
3. ಸೋಯಾ ಹೆಚ್ಚಾದರೆ ಮೇವು ಯಾಕೆ ಕಡಿಮೆ ಆಗುತ್ತದೆ?
4. ಗಾಡಿಯ ಮೇಲಿನ ಸೂಡನ್ನು ಮಾತ್ರ ಯಾಕೆ ತೂಗಬಾರದು?
5. ಯೂರಿಯಾ ಉಪಚಾರ ಮಾಡಿದ ಮೇವನ್ನು ಯಾವ ಕರುವಿಗೆ ಹಾಕಬಾರದು?

ಲೆಕ್ಕ ಮಾಡಿರಿ

1. ನಿಮ್ಮ ಮನೆಯಲ್ಲಿ ದನ ಎಷ್ಟು? ಎರಡು ಕರುಗಳನ್ನು ಒಂದು ಎಂದು ಎಣಿಸಿರಿ. ದಿನಕ್ಕೆ ಎಷ್ಟು ಕಿಲೋ ಒಣ ಮೇವು ಬೇಕು?
2. ಒಂದು ಮನೆಯಲ್ಲಿ 3 ದೊಡ್ಡ ದನ ಇವೆ. ಬೇಸಿಗೆಯ 90 ದಿನಕ್ಕೆ ಎಷ್ಟು ಮೇವು ಬೇಕು?
3. 10 ಸೂಡಿನ ತೂಕ 35 ಕಿಲೋ. 400 ಸೂಡಿನ ತೂಕ ಎಷ್ಟು?

ಕೂಡಿ ಮಾತಾಡಿರಿ

ನಿಮ್ಮ ಊರಲ್ಲಿ ಈ ವರ್ಷ ಜೋಳ ಎಷ್ಟು ಜನ ಹಾಕಿದ್ದಾರೆ? ಮೇವು ಸಾಕಾಗುತ್ತದೆಯೇ? ನಾಲ್ಕು ಮನೆಯವರು ಕೂಡಿ ಮೇವು ಕೊಳ್ಳಲು ಬರುತ್ತದೆಯೇ? ಚರ್ಚೆ ಮಾಡಿರಿ. ಮೇಲಿನ ಚೀಟಿಯನ್ನು ನಿಮ್ಮ ನೋಟುಪುಸ್ತಕದಲ್ಲಿ ಬರೆದು, ಖಾಲಿ ಜಾಗ ತುಂಬಿರಿ.